ಮೂರು ಬೋಗಾಣಿ ಬೇಳೆ, ಒಂದು ಹಿಡಿ ಕೊಸರು

ಮೂವತ್ತು ವರ್ಷಗಳ ಹಿಂದೆ ಬೈಲಹೊಂಗಲ ಪೇಟೆಯ ಒಂದು ಕಿರಾಣಿ ಅಂಗಡಿಯಲ್ಲಿ ಸಾವಂತ್ರೆವ್ವನವರಿಗೆ ಕೊಸರು ಕೊಡಲಿಲ್ಲ. ಅವರ ಮುಂದೆ ನಿಂತಿದ್ದ ಹೆಂಗಸಿಗೆ ಎರಡು ಸೇರು ಜೋಳ ಅಳೆದು, ಮೇಲೊಂದು ಹಿಡಿ ಹಾಕಿದರು. ಸಾವಂತ್ರೆವ್ವನವರಿಗೆ ಎರಡು ಸೇರು ಅಳೆದು, ಸೇರಿನ ಬಾಯಿಯನ್ನು ಅಂಗೈಯಿಂದ ಸವರಿ, ಚೀಲಕ್ಕೆ ಸುರಿದರು. ಅವರ ಹಿಂದೆ ನಿಂತಿದ್ದ ಹೆಂಗಸಿಗೂ ಎರಡು ಸೇರು ಅಳೆದರು. ಮೇಲೊಂದು ಹಿಡಿ ಹಾಕಿದರು.

ಈಗ ನಸುಕು. ಅದೇ ಬೈಲಹೊಂಗಲ. ಊರಂಚಿನ ಕೇರಿಯಲ್ಲಿ, ಸಾವಂತ್ರೆವ್ವನವರ ಅಂಗಳದಲ್ಲಿ ಮೂರು ಒಲೆ ಒಟ್ಟಿಗೇ ಉರಿಯುತ್ತಿವೆ. ಮೂರರ ಮೇಲೂ ಒಂದೊಂದು ಬೋಗಾಣಿ, ಮೂರರಲ್ಲೂ ತೊಗರಿ ಬೇಳೆ. ಒಂದರ ಮುಚ್ಚಳದ ಮೇಲೆ ಅರಿಶಿಣದ ಬೊಟ್ಟು, ಇನ್ನೊಂದರ ಮೇಲೆ ಸುಣ್ಣದ್ದು, ಮತ್ತೊಂದರ ಮೇಲೆ ಮಸಿಯದು. ಮೂರೂ ಬೇರೆ ಬೇರೆ ಅಂಗಡಿಯ ಬೇಳೆ. ಯಾವುದು ಯಾರದು ಎಂಬುದು ಸಾವಂತ್ರೆವ್ವನವರ ಹೊಟ್ಟೆಯಲ್ಲಿದೆ, ಹೊರಗೆ ಬಿಟ್ಟಿಲ್ಲ. ಉಪ್ಪು ಹಾಕಿಲ್ಲ, ಒಗ್ಗರಣೆಯೂ ಇಲ್ಲ. “ಒಗ್ಗರಣಿ ಬಿತ್ತು ಅಂದ್ರ ಬ್ಯಾಳಿ ಸುಳ್ಳ ಹೇಳಾಕ ಶುರು ಮಾಡತೈತಿ,” ಎನ್ನುತ್ತ ಒಲೆಯ ಕೊಳ್ಳಿ ಹಿಂದಕ್ಕೆ ಎಳೆಯುತ್ತಾರೆ.

ಕೂಲಿಗೆ ಹೊರಟ ಹೆಂಗಸರು ಬುತ್ತಿ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಒಬ್ಬೊಬ್ಬರೇ ಅಂಗಳಕ್ಕೆ ಬರುತ್ತಾರೆ. ಬುದ್ಧ ಪೂರ್ಣಿಮೆಗೆ ಇನ್ನು ನಾಲ್ಕೇ ದಿನ. ಅವತ್ತು ಇಡೀ ಕೇರಿಗೆ ಒಂದೇ ಅಡುಗೆ, ಒಂದೇ ಪಂಕ್ತಿ. ಅದಕ್ಕೆ ಬೇಳೆ ಯಾವ ಅಂಗಡಿಯಿಂದ ಬರಬೇಕು ಎಂಬುದು ಇವತ್ತು ತೀರ್ಮಾನವಾಗಬೇಕು.

“ಬರ್ರಿ, ಸಾಲಾಗಿ ನಿಂದರ್ರಿ. ನಾಲಿಗಿ ಹೊರಗ ತಗೀರಿ,” ಎನ್ನುತ್ತಾರೆ ಸಾವಂತ್ರೆವ್ವ, ಕೈಯಲ್ಲಿ ಸವುಟು ಹಿಡಿದು.

“ನಾಲಿಗಿ ನಾ ಯಾವತ್ತ ಒಳಗ ಇಟ್ಟೀನಿ ಯಕ್ಕಾ?” ಇದು ಪಕ್ಕದ ಮನೆಯ ಸತ್ಯವ್ವ. ಅಂಗಳದ ತುಂಬ ನಗೆ.

ಸುಣ್ಣದ ಬೋಗಾಣಿಯ ಬೇಳೆ ಹಲ್ಲಿಗೆ ಸಿಗುತ್ತದೆ ಎಂದು ಒಬ್ಬರು ಮುಖ ಸಿಂಡರಿಸುತ್ತಾರೆ. ಮಸಿಯದು ಕುದಿದಿದೆ ಸರಿ, ಆದರೆ ಕುದಿಸಿದ ನೀರು ಕುಡಿದಂಗೇ ಐತಿ ಎಂದು ಇನ್ನೊಬ್ಬರ ತಕರಾರು. ಸತ್ಯವ್ವ ಅರಿಶಿಣದ ಬೋಗಾಣಿಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದಾರೆ.

“ಹಾಕ ಯಕ್ಕಾ ಇನ್ನೊಂದ ಸವುಟ. ತಿಳೀವಲ್ದು.”

“ನಾಕ ಸಲ ತಿಂದಿ. ಇನ್ನೂ ತಿಳೀಲಿಲ್ಲೇನ?”

“ತಿಳದೈತಿ. ಅದಕ್ಕ ಕೇಳಾಕ ಹತ್ತೇನಿ.”

ಬಾಗಿಲ ಹೊಸ್ತಿಲ ಮೇಲೆ ಕೂತ ಲಗಮಪ್ಪ, ಸಾವಂತ್ರೆವ್ವನವರ ಗಂಡ, ಮಾರ್ಕೆಟ್ ಯಾರ್ಡಿನ ಹಮಾಲರು. ಕೆಲಸಕ್ಕೆ ಹೊರಡಲು ತಲೆಗೆ ವಸ್ತ್ರ ಸುತ್ತಿಕೊಂಡು ಯಾರಿಗೂ ಅಲ್ಲದಂತೆ ಗೊಣಗುತ್ತಾರೆ: “ಮೂರ ಬೋಗಾಣಿ ಬ್ಯಾಳಿ ಕುದಿಯೂ ಮನಿ ಊರಾಗ ಯಾರದರೆ ಐತೇನ್ರಿ? ಖರೆ ನನ್ನ ಬುತ್ತ್ಯಾಗ ನೋಡ್ರಿ, ಬರೇ ಉಳ್ಳಾಗಡ್ಡಿ ಐತಿ.”

ಎಲ್ಲರ ಮಾತೂ ಒಂದೇ ಕಡೆ ಬಂದು ನಿಲ್ಲುತ್ತದೆ. ಅರಿಶಿಣ ಗೆದ್ದಿದೆ.

“ಯಾರದವ್ವಾ ಅದು?”

ಸಾವಂತ್ರೆವ್ವ ಸವುಟನ್ನು ಬೋಗಾಣಿಯ ಕಂಠಕ್ಕೆ ಎರಡು ಸಲ ಬಡಿದು ಹೇಳುತ್ತಾರೆ: “ದುಂಡಪ್ಪ ಸಾವ್ಕಾರ್ರ ಅಂಗಡೀದು.”

ಅರಿಶಿಣದ ಬೋಗಾಣಿಯತ್ತ ಚಾಚಿದ್ದ ಕೈಗಳೆಲ್ಲ ಹಿಂದೆ ಸರಿಯುತ್ತವೆ. ಮೂವತ್ತು ವರ್ಷಗಳ ಹಿಂದೆ ಸೇರಿನ ಬಾಯಿ ಸವರಿದ್ದು ಇದೇ ಅಂಗಡಿಯ ಗಾದಿಯ ಮೇಲೆ ಕೂತಿದ್ದ ದುಂಡಪ್ಪನವರ ತಂದೆ. ಅದು ಕೇರಿಯ ಕೂಸುಗಳಿಗೂ ಗೊತ್ತು.

“ಯಾಕ ಕೈ ಹಿಂದ ತಗೊಂಡ್ರಿ? ಬ್ಯಾಳಿ ಏನ ಮಾಡೇತಿ ಪಾಪ? ಚೊಲೋ ಇದ್ದದ್ದನ್ನ ಚೊಲೋ ಅನ್ನಾಕ ನನಗೇನ ಹೊಟ್ಟಿ ಕಡೀತೈತೇನು?” ಎಂದು ಸಾವಂತ್ರೆವ್ವ ಮೂರರಲ್ಲೂ ಉಳಿದ ಬೇಳೆಯನ್ನು ಒಂದೇ ಬೋಗಾಣಿಗೆ ಸುರಿದು, ಉಪ್ಪು ಹಾಕಿ, ಬೆಳ್ಳುಳ್ಳಿಯ ಒಗ್ಗರಣೆ ಕೊಡುತ್ತಾರೆ. ಲಗಮಪ್ಪನವರ ಬುತ್ತಿಗೆ ಕೊನೆಗೂ ಬೇಳೆ ಬೀಳುತ್ತದೆ.

*

ಸಾವಂತ್ರೆವ್ವನವರ ಹೊಟ್ಟೆಪಾಡಿನ ಕೆಲಸ ರೊಟ್ಟಿ ಬಡಿಯುವುದು. ದಿನಕ್ಕೆ ಇನ್ನೂರು ಜೋಳದ ರೊಟ್ಟಿ, ಊರಿನ ಎರಡು ಖಾನಾವಳಿಗಳಿಗೆ. ಅವರ ಅಂಗೈ ಬಡಿದ ರೊಟ್ಟಿಯನ್ನು ಊರೆಲ್ಲ ಮುರಿದು ತಿನ್ನುತ್ತದೆ. ಆ ಅಂಗೈಗೆ ತಮ್ಮ ಬೆರಳು ತಾಗಬಾರದೆಂದು ಎರಡು ಗೇಣು ಮೇಲಿನಿಂದ ಧಾನ್ಯ ಸುರಿಯುವವರೂ ಮಧ್ಯಾಹ್ನ ಅದೇ ಖಾನಾವಳಿಯಲ್ಲಿ ಕೂತು, ಇನ್ನೊಂದು ರೊಟ್ಟಿ ಹಾಕು ಎನ್ನುತ್ತಾರೆ. ರೊಟ್ಟಿಗೆ ಬಾಯಿಲ್ಲ. ಅದು ಹೇಳುವುದಿಲ್ಲ.

ಎರಡನೆಯ ಕೆಲಸಕ್ಕೆ ಹೆಸರಿಲ್ಲ. ಕೇರಿಯ ನಲವತ್ತು ಮನೆಗಳಿಗೆ ಸಾವಂತ್ರೆವ್ವನವರೇ ಸಂತೆ ತರುತ್ತಾರೆ. ಹೆಂಗಸರು ನಸುಕಿನಲ್ಲಿ ಕೂಲಿಗೆ ಹೋಗಿ ಕತ್ತಲಾದ ಮೇಲೆ ಬರುವವರು. ಅಷ್ಟೊತ್ತಿಗೆ ಅಂಗಡಿಗಳಲ್ಲಿ ಉಳಿದಿರುವುದು ಚೀಲದ ತಳದ ನುಚ್ಚು, ಬಾಡಿದ ಸೊಪ್ಪು ಪಲ್ಯ, ಅಂಗಡಿಕಾರನ ಬೇಸರ. ಅದಕ್ಕೆಂದೇ ತಮ್ಮ ತಮ್ಮ ಕೈಚೀಲ, ಅಂದರೆ ಪಿಶವಿಗಳನ್ನು ಸಾವಂತ್ರೆವ್ವನವರ ಗೂಟಕ್ಕೆ ನೇತುಹಾಕಿ ಹೋಗುತ್ತಾರೆ. ಯಾವ ಅಂಗಡಿಯಲ್ಲಿ ಏನು ಚೆನ್ನಾಗಿದೆ, ಎಲ್ಲಿ ದರ ಇಳಿದಿದೆ, ಯಾರು ಮಾತಾಡಿಸಿ ಕೊಡುತ್ತಾರೆ, ಯಾರು ಎಸೆದು ಕೊಡುತ್ತಾರೆ ಎಂಬುದನ್ನೆಲ್ಲ ತೂಗಿ ನೋಡಿ ತರುವುದು ಇವರ ಕೆಲಸ. ಪಗಾರ ಎಂದರೆ ತಿಂಗಳಿಗೊಮ್ಮೆ ಪ್ರತಿ ಮನೆಯಿಂದ ಒಂದು ಹಿಡಿ ಜೋಳ. ಹಿಡಿ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆ ಬಂದಾಗ ಅವರು ನಕ್ಕುಬಿಡುತ್ತಾರೆ: “ಅವರವರ ಕೈ, ಅವರವರ ಮನಸು. ಸತ್ಯವ್ವನ ಕೈ ಭಾಳ ಸಣ್ಣದು, ಬಾಯಿ ಅಷ್ಟ ದೊಡ್ಡದು.”

ಇದೆಲ್ಲ ಶುರುವಾದದ್ದು ಮಗಳು ಮಾಲಾ ಬಸುರಿಯಾಗಿದ್ದಾಗ. ರಕ್ತ ಕಡಿಮೆ ಐತಿ, ಆರೋಗ್ಯದ ಆಹಾರ ತಿನ್ನಿಸ್ರಿ ಎಂದು ದವಾಖಾನೆಯ ನರ್ಸಬಾಯಿ ಹೇಳಿ ಕಳಿಸಿದರು. ಆರೋಗ್ಯದ ಆಹಾರ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು ಸಾವಂತ್ರೆವ್ವ ಪೇಟೆಗೆ ಹೋದರು. ಹೊಸದಾಗಿ ತೆರೆದಿದ್ದ ದೊಡ್ಡ ಅಂಗಡಿಯೊಂದನ್ನು ಯಾರೋ ತೋರಿಸಿದರು. ಗಾಜಿನ ಬಾಗಿಲು, ಒಳಗೆ ಥಂಡಿ ಗಾಳಿ. ಬಾಗಿಲಲ್ಲಿ ನಿಂತವನು ಪಿಶವಿಯನ್ನು ಹೊರಗೇ ಇಡಿಸಿಕೊಂಡ. ಒಳಗೆ ಒಂದು ಗೂಡಿನ ತುಂಬ ಹಸಿರು ಪಾಕೀಟುಗಳು. ಅದರ ಮೇಲೆ ನಗುವ ಹೆಂಗಸಿನ ಚಿತ್ರ, ಕೆಳಗೆ ‘ಆರೋಗ್ಯ’ ಎಂಬ ಅಕ್ಷರ. ಬೆಲೆ ಕೇಳಿ ಸಾವಂತ್ರೆವ್ವ ಪಾಕೀಟನ್ನು ಬಿಸಿ ಕೆಂಡ ಇಟ್ಟಂತೆ ಗೂಡಿಗೆ ಇಟ್ಟುಬಿಟ್ಟರು.

“ಒಳಗ ಏನೈತಿ ಅಂತ ಬೆಳಕಿಗೆ ಹಿಡದ ನೋಡಿದ್ನಿ. ನವಣಿ! ನಮ್ಮವ್ವ ಕೋಳಿಗೆ ಹಾಕತಿದ್ದ ನವಣಿ! ಪಾಕೀಟಿನ ಮ್ಯಾಲಿನ ಹೆಣ್ಮಗಳು ಯಾಕ ನಗಾಕ ಹತ್ಯಾಳ ಅಂತ ಆವಾಗ ತಿಳೀತು. ಆಕಿ ನಮ್ಮನ್ನ ನೋಡೇ ನಗಾಕ ಹತ್ತಿದ್ಲು.”

ಆ ವಾರವೇ ಅವರು ಸವದತ್ತಿಯ ಸಂತೆಗೆ ಹೋದರು. ಹೂಲಿಯ ಕಡೆಯ ರೈತರು ಗೋಣಿತಾಟಿನ ಮೇಲೆ ನವಣೆ ಸುರಿದುಕೊಂಡು ಕೂತಿದ್ದರು. ಪಾಕೀಟಿನ ಬೆಲೆಯ ಮೂರರಲ್ಲೊಂದು ಪಾಲಿಗೆ ಅದೇ ನವಣೆ, ಮೇಲೆ ಅದನ್ನು ಹೇಗೆ ಬೇಯಿಸಬೇಕೆಂಬ ಉಪದೇಶವೂ ಪುಕ್ಕಟೆ. ಉಳಿದ ದುಡ್ಡಿಗೆ ಹೆಸರುಕಾಳು, ಶೇಂಗಾ, ಬೆಲ್ಲ, ಒಂದು ಹೊರೆ ಕಿರಕಸಾಲಿ ಸೊಪ್ಪು. ಮಾಲಾ ತಿಂದಳು. ರಕ್ತ ಏರಿತು. ಆ ಬಾಣಂತನದ ಮೊಮ್ಮಗಳು ಪ್ರಜ್ಞಾ ಈಗ ರಾಮದುರ್ಗದಲ್ಲಿ ಶಾಲೆಗೆ ಹೋಗುತ್ತಾಳೆ, ಅಜ್ಜಿಗಿಂತ ಜೋರು ಗಂಟಲು.

ಬಡವರ ಊಟವನ್ನು ಮೊದಲು ಕೀಳು ಎಂದರು. ನಾಚಿಕೆಯಾಗಿ ಬಡವರು ಅದನ್ನು ಬಿಟ್ಟ ಮೇಲೆ ಪಾಕೀಟಿಗೆ ತುಂಬಿ, ಬೆಲೆ ಏರಿಸಿ, ಆರೋಗ್ಯ ಎಂದು ಹೆಸರಿಟ್ಟು ಅವರಿಗೇ ಮಾರಲು ಬಂದರು. ಸಾವಂತ್ರೆವ್ವ ಇದನ್ನು ಭಾಷಣ ಮಾಡಿ ಹೇಳುವುದಿಲ್ಲ. ಪಿಶವಿ ಹಿಡಿದು ಸವದತ್ತಿಯ ಬಸ್ಸು ಹತ್ತುತ್ತಾರೆ.

ಬಸ್ಸಿನ ಮಾತು ಬಂದರೆ ಅವರ ಮುಖವೇ ಅರಳುತ್ತದೆ. ಹೆಂಗಸರಿಗೆ ಟಿಕೀಟು ಪುಕ್ಕಟೆಯಾಗುವ ಮೊದಲು, ಅಗ್ಗದ ಬೇಳೆಗೆಂದು ಹೋದರೆ ಉಳಿಸಿದ್ದನ್ನೆಲ್ಲ ಬಸ್ಸೇ ತಿಂದುಬಿಡುತ್ತಿತ್ತು. “ಈಗ ನೋಡ್ರಿ, ನಾಕೂ ಊರಿನ ಪ್ಯಾಟಿ ನಮ್ಮ ಹಿತ್ತಲ ಇದ್ದಂಗ. ಬೈಲಹೊಂಗಲದಾಗ ಜ್ವಾಳ ನೋಡತೇನಿ, ಕಿತ್ತೂರಾಗ ಕೆಂಪಕ್ಕಿ, ಸವದತ್ತ್ಯಾಗ ನವಣಿ. ರಾಮದುರ್ಗದಾಗ ಮಗಳನ್ನೂ ನೋಡತೇನಿ, ಶೇಂಗಾನೂ ನೋಡತೇನಿ. ಬರೂ ಮುಂದ ಕಟಕೋಳದಾಗ ಇಳದ ಗಾಣದ ಎಣ್ಣಿ.”

ಆ ದಾರಿಯ ಕಂಡಕ್ಟರುಗಳಿಗೆಲ್ಲ ಇವರು ಪರಿಚಿತರು. ಕಳೆದ ವಾರ ರಾಮದುರ್ಗದ ಬಸ್ಸಿನಲ್ಲಿ ಒಬ್ಬ ಕಂಡಕ್ಟರು, ಸೊನ್ನೆಯ ಟಿಕೀಟು ಹರಿದು ಕೈಗಿಡುತ್ತ ಕಾಲೆಳೆದ:

“ಏನ್ ಯಮ್ಮಾ, ಇವತ್ತ ಯಾವ ಅಂಗಡೀ ಪಾಳಿ? ಸರಕಾರ ಬಸ್ ಬಿಟ್ಟಿದ್ದು ನೀ ಬ್ಯಾಳಿ ರುಚಿ ನೋಡ್ಲಿ ಅಂತೇನ?”

“ಹೌದಪಾ ತಮ್ಮಾ. ಸರಕಾರಕ್ಕ ಹೇಳು, ಬ್ಯಾಳಿ ಚೊಲೋ ಐತಿ, ಬಸ್ಸಿನ ಸೀಟ ಹರದಾವು.”

*

ಅಂಗಡಿಗಳನ್ನು ಹೋಲಿಸಲು ಸಾವಂತ್ರೆವ್ವನವರ ಬಳಿ ಬೆಲೆ, ರುಚಿಗಳಿಗಿಂತ ದೊಡ್ಡದಾದ ಒಂದು ಅಳತೆ ಇತ್ತು. ಅದೇ ಕೊಸರು. ಅಳೆದದ್ದರ ಮೇಲೆ ಅಂಗಡಿಕಾರ ತನ್ನ ಖುಷಿಗೆ ಹಾಕುವ ಒಂದು ಹಿಡಿ. ಕೊಟ್ಟವನ ನಡತೆ ಒಳ್ಳೆಯದು, ಕೊಡದವನದು ಕೆಟ್ಟದ್ದು. ಅಷ್ಟೇ ಲೆಕ್ಕ.

ದುಂಡಪ್ಪನವರ ಅಂಗಡಿಯಲ್ಲೂ ಕಾಲ ಕಳೆದಂತೆ ಕೇರಿಗೆ ಕೊಸರು ಕೊಡಲು ಶುರುಮಾಡಿದರು. ಗಿರಾಕಿ ಯಾರಿಗೆ ಬೇಡ? ಆದರೆ ಉಳಿದವರ ಕೊಸರು ನೇರ ಅವರ ಚೀಲಕ್ಕೆ ಬೀಳುತ್ತಿತ್ತು. ಕೇರಿಯವರು ಬಂದರೆ, “ಸೆರಗ ಹಿಡಿ,” ಎನ್ನುತ್ತಿದ್ದರು. ಚೀಲದ ಬಾಯಿ ಹಿಡಿದರೆ ಕೈಗೆ ಕೈ ತಾಗೀತು. ಸೆರಗಾದರೆ ದೂರ ಉಳಿಯುತ್ತದೆ. ಮೇಲಿನಿಂದ ಸುರಿಯಬಹುದು. ಜಾತಿಯನ್ನು ಅಂಗಡಿಯ ಹಲಗೆಯ ಮೇಲೆ ಯಾರೂ ಬರೆಸುವುದಿಲ್ಲ. ಅದು ಆ ಎರಡು ಗೇಣಿನ ಎತ್ತರದಲ್ಲಿರುತ್ತದೆ. ಆದರೂ ಮೊದಲ ಸಲ ಸೆರಗಿಗೆ ಕೊಸರು ಬಿದ್ದ ದಿನ ಸಾವಂತ್ರೆವ್ವ ಅದನ್ನು ಕೇರಿಗೆಲ್ಲ ತೋರಿಸಿದ್ದರು. ಒಂದು ಹಿಡಿ ಜೋಳವಲ್ಲ, ಗೆದ್ದ ಒಂದು ಊರು ಅದು ಅವರಿಗೆ.

ಹೀಗಿರುವಾಗ ಎರಡು ವರ್ಷದ ಹಿಂದೆ ಬಸ್ ನಿಲ್ದಾಣದ ಬಳಿ ಅನ್ನಪೂರ್ಣಾ ಅಂಗಡಿ ಹಾಕಿದರು. ಸಂಗೊಳ್ಳಿಯ ರೈತರ ಮನೆಯ ಹೆಣ್ಣುಮಗಳು, ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ಬೇಳೆಕಾಳು, ಸಿರಿಧಾನ್ಯ ಎಲ್ಲ ಬಾಯ್ತೆರೆದ ಡಬ್ಬಿಗಳಲ್ಲಿ. ಬೇಕಾದಷ್ಟನ್ನು ಗಿರಾಕಿಯೇ ತುಂಬಿಕೊಳ್ಳಬೇಕು, ತೂಕದ ಯಂತ್ರದ ಮುಖ ಗಿರಾಕಿಯ ಕಡೆಗೆ. ಸಾವಂತ್ರೆವ್ವ ಹೋದರು, ಹೆಸರುಕಾಳು ತೂಗಿಸಿದರು, ರೂಢಿಯ ಪ್ರಕಾರ ಸೆರಗು ಮುಂದೆ ಹಿಡಿದರು.

ಅನ್ನಪೂರ್ಣಾ ಸೆರಗು ನೋಡಿದರು, ಮುಖ ನೋಡಿದರು. “ಇಲ್ಲಿ ಕೊಸರ ಕೊಡೂದಿಲ್ರಿ ಯಕ್ಕಾ,” ಎಂದರು.

ಮೂವತ್ತು ವರ್ಷದ ಹಳೆಯ ಗಾಯ ಬಾಯಿ ಬಿಟ್ಟಿತು. ಹೆಸರುಕಾಳನ್ನು ಅಲ್ಲೇ ಬಿಟ್ಟು ಸಾವಂತ್ರೆವ್ವ ದಡದಡ ಮನೆಗೆ ಬಂದರು. ಸಂಜೆ ಅಂಗಳದಲ್ಲಿ ತೀರ್ಪಾಯಿತು: ಆ ಅಂಗಡಿಯ ನಡತೆ ಸರಿಯಿಲ್ಲ, ನಮ್ಮನ್ನು ಕಂಡರೆ ಆಗುವುದಿಲ್ಲ, ಯಾರೂ ಹೋಗಕೂಡದು. ನಲವತ್ತು ಮನೆಯವರು ಹೋಗಲಿಲ್ಲ. ಒಬ್ಬರನ್ನು ಬಿಟ್ಟು.

ಆ ಒಬ್ಬರು ಯಾರೆಂದು ಗೊತ್ತಾದದ್ದು ಇದೇ ಮೂರು ಒಲೆಗಳ ಮುಂದೆ. ಹಿಂದೊಂದು ನಸುಕಿನಲ್ಲಿ ನೋಡಿದರೆ ದುಂಡಪ್ಪನವರ ಅಂಗಡಿಯ ಬೇಳೆ ತೀರಿಹೋಗಿತ್ತು. ಸಾವಂತ್ರೆವ್ವ ಗೋಡೆಯಾಚೆ ಕೂಗಿ, ಸತ್ಯವ್ವನವರಿಂದ ಒಂದು ವಾಟೆ ಬೇಳೆ ಇಸಿದುಕೊಂಡು ಅವತ್ತು ಆ ಅಂಗಡಿಗೆಂದು ಗುರುತಿಟ್ಟಿದ್ದ ಮಸಿಯ ಬೋಗಾಣಿಗೆ ಹಾಕಿದರು. ಸತ್ಯವ್ವನವರ ಮನೆಯಲ್ಲಿರುವುದೂ ತಾವೇ ದುಂಡಪ್ಪನವರ ಅಂಗಡಿಯಿಂದ ತಂದುಕೊಟ್ಟ ಬೇಳೆ ಎಂಬ ನಂಬಿಕೆ. ಅವತ್ತು ಮಸಿಯ ಬೇಳೆ ಬೆಣ್ಣೆಯಂತೆ ಕರಗಿತು. ಎಲ್ಲರೂ ಬೆರಳು ನೆಕ್ಕಿದರು.

“ಮಸಿ ಅಂದ್ರ ದುಂಡಪ್ಪ ಸಾವ್ಕಾರ್ರ ಬ್ಯಾಳಿ!” ಎಂದು ಸಾವಂತ್ರೆವ್ವ ಸಾರಿದರು.

ಸತ್ಯವ್ವನವರಿಗೆ ನಗು ತಡೆಯಲಾಗದೆ ಬಾಯೊಳಗಿನ ಬೇಳೆ ಮೂಗಿಗೆ ಏರಿತು. ಕೆಮ್ಮಿದರು, ಕಣ್ಣಲ್ಲಿ ನೀರು ಬಂತು, ಎದೆ ಬಡಿದುಕೊಂಡರು.

“ಏನಾತs?”

“ಯಕ್ಕಾ, ಬೈಬ್ಯಾಡ. ಅದು ದುಂಡಪ್ಪಂದಲ್ಲ. ಅನ್ನಪೂರ್ಣಾನ ಅಂಗಡೀದು. ನಾ ಕದ್ದ ಹೊಕ್ಕೇನಿ. ಅಲ್ಲಿ ಬ್ಯಾಳಿ ಚೊಲೋ ಇರತೈತಿ, ಏನ ಮಾಡ್ಲಿ? ನಾಲಿಗಿ ಕೇಳವಲ್ದು!”

ಸಾವಂತ್ರೆವ್ವ ಸವುಟು ಎತ್ತಿಕೊಂಡು ಸತ್ಯವ್ವನವರನ್ನು ಅಂಗಳದ ಸುತ್ತ ಒಂದು ಸುತ್ತು ಅಟ್ಟಿದರು. ಆಮೇಲೆ ಇಬ್ಬರೂ ಏದುಸಿರು ಬಿಡುತ್ತ ಒಂದೇ ಕಟ್ಟೆಗೆ ಕೂತರು.

“ಕೊಸರ ಕೊಡಲಾರದಾಕಿ ಬ್ಯಾಳಿ ಹೆಂಗ ತಿಂದೀ ಹೊಲಸಿ?”

“ನಾ ಎಂದೂ ಕೊಸರ ಕೇಳೇ ಇಲ್ಲವಾ. ಕದ್ದ ಹೋದಾಕಿ, ಮ್ಯಾಲೆ ಸೆರಗ ಬ್ಯಾರೆ ಹಿಡೀಲೇನ?”

*

ತಮ್ಮ ಕಣ್ಣಿಂದಲೇ ನೋಡಬೇಕೆಂದು ಮರುದಿನ ಸಾವಂತ್ರೆವ್ವ ಅನ್ನಪೂರ್ಣಾ ಅವರ ಅಂಗಡಿಗೆ ಹೋದರು. ಜೋಳ ಆರಿಸುವ ನೆಪದಲ್ಲಿ ಮೂಲೆಯ ಚೀಲದ ಮೇಲೆ ಕೂತರು. ಬಂದ ಕೆಲಸ ಮರೆತವರಂತೆ ಒಂದೊಂದೇ ಕಾಳು ಕಚ್ಚುತ್ತ ಕೂತೇಬಿಟ್ಟರು. ಕಾರಿನಿಂದ ಒಬ್ಬ ಹೆಂಗಸು ಇಳಿದು ಬಂದರು. ಕೊರಳಲ್ಲಿ ಎರಡೆಳೆ ಬೋರಮಾಳ, ಊರಿನ ದೊಡ್ಡ ಮನೆಯವರು. ಐದು ಕೇಜಿ ತೊಗರಿ ಬೇಳೆ ತೂಗಿಸಿ, ಚೀಲದ ಬಾಯಿ ತೆರೆದು ಹಿಡಿದು, “ಹಾಕs ಒಂದ ಹಿಡಿ ಮ್ಯಾಲೆ,” ಎಂದರು.

ಅನ್ನಪೂರ್ಣಾ ಚೀಲ ನೋಡಿದರು, ಮುಖ ನೋಡಿದರು. “ಇಲ್ಲಿ ಕೊಸರ ಕೊಡೂದಿಲ್ರಿ ಯಕ್ಕಾ.”

ಅದೇ ಮಾತು. ಅದೇ ದನಿ. ಅದೇ ಯಕ್ಕಾ.

ಮೂಲೆಯ ಚೀಲದ ಮೇಲಿಂದ ಒಂದು ನಗು ಎದ್ದಿತು. ಬೋರಮಾಳದ ಹೆಂಗಸು ಬೆಚ್ಚಿ ತಿರುಗಿದರು. ಸಾವಂತ್ರೆವ್ವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಬಾಯಲ್ಲಿನ ಜೋಳದ ಕಾಳು ಉದುರುವಷ್ಟು.

ಆ ನಗುವಿನ ಅರ್ಥವನ್ನು ಈಗ ಅವರು ಹೀಗೆ ಬಿಡಿಸಿ ಹೇಳುತ್ತಾರೆ: “ನನಗ ಕೊಸರ ಕೊಡದಿದ್ದದ್ದು ಎರಡ ಸಲ. ಒಂದ ಸಲ ನನಗ ಒಬ್ಬಾಕಿಗೇ ಕೊಡಲಿಲ್ಲ. ಇನ್ನೊಂದ ಸಲ ಯಾರಿಗೂ ಕೊಡಲಿಲ್ಲ. ಎರಡೂ ಒಂದs ಅಂತ ತಿಳದ್ನೆಲ್ಲ ನಾ! ಕಾರಿನ್ಯಾಕಿಗೆ ಸಿಕ್ಕದ್ದs ನನಗೂ ಸಿಕ್ಕಿತ್ತು. ಹುಟ್ಟಿದಾಗಿಂದ ಅದs ಮೊದಲ ಸಲ ನೋಡ್ರಿ. ಮತ್ತ ನಾ ಸಿಟ್ಟಾಗಿ ಮನಿಗೆ ಬಂದಿದ್ನಿ!”

ಅನ್ನಪೂರ್ಣಾ ಅವರನ್ನು ಕೇಳಿದರೆ ಅದರಲ್ಲಿ ದೊಡ್ಡ ತತ್ವವೇನೂ ಇಲ್ಲ ಎನ್ನುತ್ತಾರೆ. “ಎಲ್ಲಾರಿಗೂ ಕೊಸರ ಕೊಟ್ರ ನಾ ಸಂಗೊಳ್ಳೀಗೆ ಬರಿಗೈಲೆ ಹೋಗಬೇಕಾಕ್ಕೈತಿ. ಕೆಲವೊಬ್ಬರಿಗೆ ಕೊಟ್ರ ಉಳದವರ ಮಾರಿ ಸಣ್ಣ ಆಕ್ಕಾವು. ಮಾರಿ ನೋಡಿ ಹಿಡಿ ತುಂಬಸೂದು ನನಗ ಬರಂಗಿಲ್ರಿ. ಅದಕ್ಕ ದರಾನ ಒಂದ ರೂಪಾಯಿ ಇಳಸೇನಿ.”

ಅವತ್ತು ಸಂಜೆ ಸಾವಂತ್ರೆವ್ವ ಅಂಗಳದಲ್ಲಿ ನಿಂತು, ನಾ ತಪ್ಪು ಹೇಳಿದ್ನಿ ಎಂದು ಎಲ್ಲರ ಮುಂದೆ ಹೇಳಿದರು. ಕೇರಿ ಅವರನ್ನು ಒಂದು ತಿಂಗಳು ಕಾಡಿತು. ಯಾರ ಮನೆಗೆ ಹೋದರೂ ಚಹಾ ಕೊಟ್ಟು, “ಇಲ್ಲಿ ಕೊಸರ ಕೊಡೂದಿಲ್ರಿ ಯಕ್ಕಾ!” ಎನ್ನುವುದೇ ಆಯಿತು. ಆದರೆ ಪಿಶವಿಗಳು ಮಾತ್ರ ಬಸ್ ನಿಲ್ದಾಣದ ಕಡೆಗೆ ತಿರುಗಿದವು. ಹಾಗೆಂದು ಅನ್ನಪೂರ್ಣಾ ಅವರ ಅಂಗಡಿಗೆ ಸಾವಂತ್ರೆವ್ವನವರಿಂದ ಪೂರ್ತಿ ರಿಯಾಯಿತಿಯೂ ಸಿಕ್ಕಿಲ್ಲ. ಅಲ್ಲಿನ ಪಲ್ಯ ಮಧ್ಯಾಹ್ನಕ್ಕೇ ಬಾಡುತ್ತದೆ, ಶೇಂಗಾ ಎಣ್ಣೆ ಕಟಕೋಳದ್ದರ ಮುಂದೆ ನಿಲ್ಲುವುದಿಲ್ಲ, ಅಂಗಡಿಯಾಕೆ ಮೊಬೈಲಿನಲ್ಲಿ ಮಾತಾಡುತ್ತ ಗಿರಾಕಿಯನ್ನು ಕಾಯಿಸುತ್ತಾರೆ. ಇದನ್ನೆಲ್ಲ ಅವರ ಮುಖದ ಮೇಲೇ ಹೇಳುತ್ತಾರೆ. “ಬೈಸಿಕೊಳ್ಳಾಕ ನಾ ಅಂಗಡಿ ಹಾಕೇನಿ ನೋಡ್ರಿ,” ಎಂದು ಅನ್ನಪೂರ್ಣಾ ಮೊಬೈಲನ್ನು ಕೆಳಗಿಡುತ್ತಾರೆ.

*

ಗಿರಾಕಿ ತಪ್ಪಿದ್ದು ದುಂಡಪ್ಪನವರಿಗೆ ತಿಳಿಯದೆ ಇರುತ್ತದೆಯೇ? ಹೋದ ತಿಂಗಳು ಯಾರ್ಡಿನಲ್ಲಿ ಲಗಮಪ್ಪನವರನ್ನು ನಿಲ್ಲಿಸಿ ಹೇಳಿ ಕಳಿಸಿದರು: ಪೂರ್ಣಿಮೆಯ ಸಂತೆ ಪೂರಾ ನಮ್ಮ ಅಂಗಡಿಯಲ್ಲೇ ಆಗಲಿ. ನಿನ್ನ ಹೆಂಡತಿ ಕೇರಿಗೆ ನಮ್ಮ ಹೆಸರು ಹೇಳಲಿ. ಮನೆ ಮನೆಗೂ ಸೆರಗು ತುಂಬ ಕೊಸರು.

ಕೇರಿ ಎರಡಾಯಿತು. ಕೊಸರೆಂದರೆ ಆಸೆ ಯಾರಿಗಿಲ್ಲ? ಸೆರಗು ತುಂಬ ಬೇಳೆ ಎಂದರೆ ಎರಡು ದಿನದ ಸಾರು. ಇನ್ನೊಂದು ಕಡೆ, ಅನ್ನಪೂರ್ಣಾ ಅವರ ಅಂಗಡಿ ನಿಂತಿರುವುದೇ ಈ ನಲವತ್ತು ಪಿಶವಿಗಳ ಮೇಲೆ. “ನಿಮ್ಮ ಕೇರಿ ಬಿಟ್ರ ಬಾಗಲಾ ಹಾಕೂದs ಯಕ್ಕಾ,” ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆ ಬಾಗಿಲು ಮುಚ್ಚಿದರೆ ಕಾರಿನವರಿಗೂ ಕೇರಿಯವರಿಗೂ ಒಂದೇ ತಕ್ಕಡಿ ಇರುವ ಅಂಗಡಿ ಈ ಪೇಟೆಯಲ್ಲಿ ಇನ್ನೊಂದಿಲ್ಲ. ಎಲ್ಲರೂ ಸಾವಂತ್ರೆವ್ವನವರ ಬಾಯಿ ನೋಡುತ್ತಿದ್ದಾರೆ. ಅದಕ್ಕೇ ಈ ನಸುಕಿನಲ್ಲಿ ಅವರು ಮೂರು ಒಲೆ ಹಚ್ಚಿದರು, ಮುಚ್ಚಳಗಳ ಮೇಲೆ ಬೊಟ್ಟಿಟ್ಟರು. ಅರಿಶಿಣ ಗೆದ್ದಿತು. ಗೆದ್ದದ್ದು ದುಂಡಪ್ಪನವರ ಬೇಳೆಯೇ ಆಯಿತು.

“ಬ್ಯಾಳಿ ಒಂದು ಅಲ್ಲಿಂದ. ಉಳದದ್ದೆಲ್ಲ ಅನ್ನಪೂರ್ಣಾನ ಕಡಿಂದ,” ಎಂದು ಸಾವಂತ್ರೆವ್ವ ಹೇಳಿದ್ದಾರೆ. ಕೊಸರಿನ ಮಾತು ಯಾರೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಪೂರ್ಣಿಮೆಯ ಊಟದ ಮಾತು ತೆಗೆದರೆ ಮಾತ್ರ ಬಾಯಿ ಬಿಡುತ್ತಾರೆ: ಗೋಧಿ ಹುಗ್ಗಿ, ಬದನೆಕಾಯಿ ಎಣ್ಣೆಗಾಯಿ, ಮಡಕೆಕಾಳಿನ ಪಲ್ಯ, ನವಣೆ ಅನ್ನ, ಬೇಳೆ ಸಾರು. ಆಸೆ ಏನೆಂದು ಕೇಳಿದರೆ ದೊಡ್ಡದೇನೂ ಇಲ್ಲ. “ಎಲ್ಲಾರೂ ಒಂದs ಪಂಕ್ತ್ಯಾಗ ಕೂಡಬೇಕು. ಎಲ್ಲಾರ ತಾಟಿಗೂ ಒಂದs ಸವುಟ. ಹೆಚ್ಚಿಲ್ಲ, ಕಡಿಮಿಲ್ಲ. ಸತ್ಯವ್ವಗ ಮಾತ್ರ ಎರಡ. ಇಲ್ಲಾಂದ್ರ ಆಕಿ ಏಳಂಗಿಲ್ಲ.”

ಪೂರ್ಣಿಮೆಯ ಮುನ್ನಾದಿನ ಬೆಳಿಗ್ಗೆ ಸಾವಂತ್ರೆವ್ವ, ಸತ್ಯವ್ವ ಇಬ್ಬರೂ ದುಂಡಪ್ಪನವರ ಅಂಗಡಿಯ ಮುಂದೆ ನಿಂತಿದ್ದಾರೆ. ಅಂಗಡಿಯಲ್ಲಿ ಗದ್ದಲ. ಮುಂದಿನ ಹೆಂಗಸಿಗೆ ಸಕ್ಕರೆ ತೂಗಿ ಚೀಲದೊಳಕ್ಕೆ ಒಂದು ಹಿಡಿ ಕೊಸರು ಹಾಕುತ್ತಾರೆ. ಸಾವಂತ್ರೆವ್ವನವರ ಪಾಳಿ ಬಂದದ್ದೇ ದುಂಡಪ್ಪ ಸ್ವತಃ ಗಾದಿಯಿಂದ ಇಳಿದು ಬರುತ್ತಾರೆ.

“ಬಾರವಾ ಸಾವಂತ್ರಿ, ಬಾ! ಅಂತೂ ನಮ್ಮ ಅಂಗಡಿ ನೆನಪಾತು.”

“ಬ್ಯಾಳಿ ನೆನಪ ಮಾಡಿತ್ರಿ ಸಾವ್ಕಾರ್ರ. ಇಪ್ಪತ್ತ ಕೇಜಿ ಹಾಕಸ್ರಿ.”

ಬೇಳೆ ತೂಗುತ್ತಾರೆ. ಸಾವಂತ್ರೆವ್ವ ತಕ್ಕಡಿಯ ಮುಳ್ಳು ನೋಡುತ್ತಾರೆ, ಸರಿಯಿದೆ. ಒಂದು ಕಾಳು ಬಾಯಿಗೆ ಹಾಕಿ ಕಚ್ಚುತ್ತಾರೆ, ಅದೇ ಬೇಳೆ. ದುಡ್ಡು ಎಣಿಸಿ ಹಲಗೆಯ ಮೇಲಿಡುತ್ತಾರೆ. ಅಷ್ಟರಲ್ಲಿ ದುಂಡಪ್ಪ ಒಂದು ಮೊರದ ತುಂಬ ಬೇಳೆ ತರಿಸಿ ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಾರೆ. ಹಿಡಿಯಲ್ಲ, ಮೊರ. ಅಂಗಡಿಯ ಮುಂದಿನವರೆಲ್ಲ ತಿರುಗಿ ನೋಡುತ್ತಾರೆ.

“ತಗೋ. ಇದು ಕೊಸರು. ಕೇರಿಗೆಲ್ಲ ತೋರಸು, ದುಂಡಪ್ಪನ ಕೈ ಎಷ್ಟ ದೊಡ್ಡದೈತಿ ಅಂತ. ಹಿಡಿ ಸೆರಗ.”

ಸಾವಂತ್ರೆವ್ವ ಮೊರ ನೋಡುತ್ತಾರೆ. ಅದರ ಎತ್ತರವನ್ನೂ ನೋಡುತ್ತಾರೆ.

“ನಿಮ್ಮ ಬ್ಯಾಳಿ ಚೊಲೋ ಐತ್ರಿ. ಅದನ್ನ ಕೇರ್ಯಾಗ ಹೇಳೇನಿ, ನಾಳಿ ಪಂಕ್ತ್ಯಾಗೂ ಹೇಳತೇನಿ. ಕೊಸರ ಇಲ್ಲದs ಹೇಳತೇನಿ.”

“ಏ, ಪುಕ್ಕಟೆ ಕೊಡಾಕ ಹತ್ತೇನಿ, ಬಿಗುಮಾನ ಏನs ನಿಂದು? ಸೆರಗ ಹಿಡಿ ಅಂದ್ನೆಲ್ಲ!”

ಹಿಂದೆ ನಿಂತ ಸತ್ಯವ್ವ ಉಗುಳು ನುಂಗುತ್ತಾರೆ. ಮೊರದ ಬೇಳೆ ಬಿಸಿಲಿಗೆ ಹೊಳೆಯುತ್ತಿದೆ. ಸಾವಂತ್ರೆವ್ವ ಹೆಗಲಿನಿಂದ ಸೆರಗನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ದುಂಡಪ್ಪ ಮೊರ ವಾಲಿಸಲು ಸಿದ್ಧರಾಗುತ್ತಾರೆ. ಸಾವಂತ್ರೆವ್ವ ಆ ಸೆರಗನ್ನು ಸೊಂಟಕ್ಕೆ ಒಂದು ಸುತ್ತು ಸುತ್ತಿ, ತುದಿಯನ್ನು ಬಿಗಿಯಾಗಿ ಸಿಕ್ಕಿಸುತ್ತಾರೆ.

“ಹಿಡ್ಯಾಂಗಿಲ್ರಿ,” ಎನ್ನುತ್ತಾರೆ. “ಚೀಲದ ಬಾಯಿ ಕಟ್ರಿ.”